ಬಾವಲಿ ಇದ್ದಲ್ಲಿ ಗಾಳಿ

ಮೊನ್ನೆ ಅಡುಗೆಮನೆಯ ಮೂಲೆಯಲ್ಲಿದ್ದ ಜೋಳದ ಡಬ್ಬಿಯ ಮುಚ್ಚಳ ತೆಗೆದೆ. ಎಂದೋ ನೀರು ಸೋರಿ ಒಳಗಿಳಿದಿರಬೇಕು, ತಳದ ಜೋಳ ಕಪ್ಪಾಗಿ ಗಂಟುಗಟ್ಟಿತ್ತು. ಮೊದಲು ಹುಳಿ ವಾಸನೆ, ಆಮೇಲೆ ಮುಗ್ಗು, ಅದರ ಹಿಂದೆಯೇ ಮೂಗಿನ ಹೊಳ್ಳೆ ಉರಿಸುವಂಥ ಇನ್ನೊಂದು. ಸೊಸೆ ಹಿಂದಿನಿಂದ, "ಚೆಲ್ಲಿಬಿಡ್ರಿ ಅತ್ತಿ, ಅದನ್ನೇನ ನೋಡ್ಕೋತ ನಿಂತೀರಿ?" ಎಂದಳು. ನಾನು ನೋಡುತ್ತಿರಲಿಲ್ಲ. ಉಸಿರು ಬಿಗಿಹಿಡಿದು ನಿಂತಿದ್ದೆ. ಆ ವಾಸನೆ ಬಂದ ಕಡೆ ಉಸಿರು ಎಳೆಯಬಾರದು ಎಂಬುದು ನನ್ನ ಮೈಗೆ ಗೊತ್ತು, ತಲೆಗೆ ನೆನಪಾಗುವ ಮೊದಲೇ ಗೊತ್ತು. ಅದು ಗುಡಗೇರಿಯಲ್ಲಿ ಕಳೆದ ಒಂದು ವರ್ಷ ಕಲಿಸಿದ್ದು.

ಎಂಬತ್ತರ ದಶಕದ ನಡುವಿನ ಮಾತು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಮದುವೆಯ ಮಾತು ತಪ್ಪಿಸಿಕೊಳ್ಳಲು ಯಾವ ಕೆಲಸ ಸಿಕ್ಕರೂ ಸೈ ಎಂದು ಧಾರವಾಡದ ಮನೆಯಲ್ಲಿ ಕೂತಿದ್ದೆ. ಸಿಕ್ಕಿದ್ದು ಬಾವಲಿ. ನಮಗೆ ಪಾಠ ಹೇಳಿದ ಜೋಶಿ ಸರ್ ಜಿಲ್ಲೆಯ ಬಾವಲಿಗಳ ಸಮೀಕ್ಷೆ ಕೈಗೆತ್ತಿಕೊಂಡಿದ್ದರು. ಕಾಡಿನಲ್ಲಿ ಎಷ್ಟು ಬಗೆ, ಹೊಲಗಳ ನಡುವೆ ಎಷ್ಟು ಬಗೆ, ಎರಡೂ ಕಡೆ ಬಾಳುವವು ಯಾವುವು ಎಂದು ನೋಡುವ ಕೆಲಸ. ಕಾಡಿಗೆ ಕಲಘಟಗಿ ಕಡೆಯ ದೇವಿಕೊಪ್ಪವನ್ನು, ಹೊಲಕ್ಕೆ ಕುಂದಗೋಳ ಕಡೆಯ ಗುಡಗೇರಿಯನ್ನು ಆರಿಸಿದ್ದರು. "ಮಂದಿ ಮಕ್ಕಳು ಬ್ಯಾಂಕಿಗೆ ಹೋಗ್ತಾವ, ನಮ್ಮಕಿ ತೊಗಲಬಾವಲಿ ಹಿಂದ ಹೊಂಟಾಳ" ಎಂದು ಅವ್ವ ನೆರೆಮನೆಯವರ ಮುಂದೆ ಅತ್ತಳು. ನನಗೋ ಮನೆ ಬಿಟ್ಟರೆ ಸಾಕಾಗಿತ್ತು.

ಗುಡಗೇರಿಯ ಸುತ್ತ ಕಣ್ಣು ಹಾಯುವವರೆಗೆ ಎರೆಹೊಲ. ಮರವೆಂದರೆ ಬದುವಿನ ಮೇಲೊಂದು ಜಾಲಿ, ರೈಲ್ವೆ ಸ್ಟೇಷನ್ನಿನ ಬಾಜು ಒಂದೆರಡು ಬೇವು. ಜೋತುಬೀಳಲು ಟೊಂಗೆಯೇ ಇಲ್ಲದ ಊರಲ್ಲಿ ಬಾವಲಿ ಎಲ್ಲಿರುತ್ತದೆ? ಸಂತೆಯ ದಿನ ಕಾಳಿನ ಅಂಗಡಿಯ ಕಟ್ಟೆಯ ಮೇಲೆ ಕೂತು ಸರ್ ಇದನ್ನೇ ಕೇಳಿದರು. ಸುತ್ತಲಿನವರು ನಕ್ಕರು. ಒಬ್ಬ ಮಾತ್ರ ನಗದೆ ನೆಲದ ಕಡೆ ಬೆರಳು ಮಾಡಿದ.

"ಕೆಳಗ ಅದಾವ್ರಿ. ಹಗೇವಿನ್ಯಾಗ."

ಅವನೇ ಯಲ್ಲಪ್ಪ.

ಹಗೇವು ಎಂದರೆ ನೆಲದೊಳಗಿನ ಕಣಜ. ಬಾವಿಯ ಹಾಗೆ ಅಗೆದು, ಸುತ್ತ ಜೋಳದ ಕಣಿಕೆ ಹೊದಿಸಿ, ಕಾಳು ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಡುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಮೈ ಹಿಡಿ ಮಾಡಿಕೊಂಡು ಇಳಿಯುವಷ್ಟು. ಒಳಗೆ ಹೋದಂತೆ ಹೊಟ್ಟೆ ಅಗಲ. ನಾವು ಹೋದ ಕಾಲಕ್ಕೆ ಚೀಲ, ಗೋದಾಮು ಬಂದು ಹಗೇವು ತುಂಬುವವರು ಕಡಿಮೆಯಾಗಿದ್ದರು. ಪಾಳುಬಿದ್ದವುಗಳ ಚಪ್ಪಡಿ ಬಿರಿದು, ಆ ಸಂದಿನಿಂದ ಸಣ್ಣ ಬಾವಲಿಗಳು ಒಳಗೆ ಬಿಡಾರ ಹೂಡಿದ್ದವು.

ಯಲ್ಲಪ್ಪನ ಮನೆತನದ ಗಂಡಸರು ಹಗೇವು ಇಳಿಯುವವರು. ಅದು ಜೀವದ ಮೇಲಿನ ಕೆಲಸ. ಮುಚ್ಚಿದ ಹಗೇವಿನೊಳಗೆ ಗಾಳಿ ಕೆಟ್ಟು ಕೂತಿರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ, ಕೆಲವೇ ಉಸಿರಿಗೆ ಮನುಷ್ಯ ಕುಸಿಯುತ್ತಾನೆ. ಅದಕ್ಕೇ ಚಪ್ಪಡಿ ಸರಿಸಿ ಒಂದು ದಿನ ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ತಳದಲ್ಲಿ ಕಂದೀಲು ಉರಿದರೆ ಮನುಷ್ಯ ಇಳಿಯಬಹುದು. ನಂದಿದರೆ ಆ ದಿನ ಕೆಲಸವಿಲ್ಲ. ಇಳಿದ ಮೇಲೂ ಮೇಲಿನವನು ಸುಮ್ಮನಿರುವಂತಿಲ್ಲ. "ಅದೀ ಏನ?" ಎಂದು ಕೂಗುತ್ತಲೇ ಇರಬೇಕು, ಕೆಳಗಿನವನು "ಅದೀನಿ" ಎನ್ನುತ್ತಲೇ ಇರಬೇಕು. ಬೇರೆ ಮಾತು ಆಡುವಂತಿಲ್ಲ. ಇದ್ದೀಯಾ, ಇದ್ದೇನೆ. ಮೊದಲ ಸಲ ಕೇಳಿದಾಗ ನನಗೆ ನಗು ಬಂದಿತ್ತು, ಕಣ್ಣುಮುಚ್ಚಾಲೆ ಆಡುವ ಮಕ್ಕಳ ಹಾಗೆ ಅಂತ. ಎರಡನೆಯ ಸಲಕ್ಕೆ ನಗು ಬರಲಿಲ್ಲ.

ಯಲ್ಲಪ್ಪ ಸಾಧು ಮನುಷ್ಯನೇನಲ್ಲ. ಬಾಯಿಬಡುಕ, ಜಂಭದವ, ಮೀಸೆಗೆ ಎಣ್ಣೆ ಹಚ್ಚಿ ತಿರುವುವವ. ಸಮೀಕ್ಷೆಯ ಕೆಲಸಕ್ಕೆ ಸೇರಿದ ಮೇಲಂತೂ ಸಂತೆಯಲ್ಲಿ ಅವನ ನಡಿಗೆಯೇ ಬದಲಾಯಿತು. ಸರ್ ಕೊಟ್ಟ ಉದ್ದನೆಯ ಬ್ಯಾಟರಿಯನ್ನು ಹಾಡಹಗಲೇ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಿದ್ದ. ನನಗೆ ಅವನನ್ನು ಕಂಡರೆ ಸಿಟ್ಟೂ ಬರುತ್ತಿತ್ತು, ಅವನಿಲ್ಲದಿದ್ದರೆ ಹೊತ್ತೂ ಹೋಗುತ್ತಿರಲಿಲ್ಲ. ಅವನ ಹೆಂಡತಿ ಶಾಂತವ್ವ ಕಡಿಮೆ ಮಾತಿನವಳು. ನನಗೆ ದಿನಾ ರೊಟ್ಟಿ ಅವಳ ಮನೆಯಿಂದಲೇ. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗಿನ ಮೊಳೆಗೆ ಆ ಕಂದೀಲು. ಮನೆಯಲ್ಲಿ ಅತ್ತೆ ದುರಗವ್ವ, ಆ ವರ್ಷ ಲಗ್ನ ಗೊತ್ತಾಗಿದ್ದ ಮೈದುನ ಮಾರುತಿ. ಅಣ್ಣ ಇಳಿದಾಗ ಮೇಲೆ ಹಗ್ಗ ಹಿಡಿದು ಕೂಗುವವನು ಮಾರುತಿಯೇ.

ದುರಗವ್ವನಿಗೆ ನಾವು ಬಂದದ್ದೇ ಸೇರಲಿಲ್ಲ. "ಜ್ವಾಳಕ್ಕ ಇಳಿದ್ರ ಹೊಟ್ಟಿಗೆ ಇಳದಂಗ. ಈ ಹಲಕಟ್ ಹಕ್ಕಿಗೆ ಇಳಿಯೂದು ಯಾವ ಪುರುಷಾರ್ಥಕ್ಕ?" ಎನ್ನುತ್ತಿದ್ದಳು. ನಾನು ಬಾವಲಿ ಹಕ್ಕಿಯಲ್ಲ ಎಂದು ತಿದ್ದಲು ಹೋಗಿ ಬೈಸಿಕೊಂಡೆ.

ಮಳೆಗಾಲಕ್ಕೆ ನಾವು ದೇವಿಕೊಪ್ಪದ ಕಾಡಿಗೆ ಹೋದೆವು. ಮಳೆಯಲ್ಲಿ ಹಗೇವು ತೆರೆಯುವವರಿಲ್ಲ, ನಮಗೆ ಕತ್ತಲೆಗೆ ಹೆದರದವನೊಬ್ಬ ಬೇಕು. ಹಾಗಾಗಿ ಯಲ್ಲಪ್ಪನೂ ಬಂದ. ಎರೆಹೊಲದ ಮನುಷ್ಯನಿಗೆ ಕಾಡು ಒಗ್ಗಲಿಲ್ಲ. ಸಾಗವಾನಿ ಎಲೆಗಳ ಮೇಲೆ ಹಗಲೂ ರಾತ್ರಿ ಮಳೆ ಬಡಿಯುವ ಸದ್ದಿಗೆ, "ಯಾರೋ ಬರಾಕತ್ತಾರ ಅನಸ್ತೈತ್ರಿ" ಎಂದು ತಿರುಗಿ ತಿರುಗಿ ನೋಡುತ್ತಿದ್ದ. ಸಂಜೆ ಎರಡು ಬಿದಿರುಗಳ ನಡುವೆ ಕೂದಲಿನಷ್ಟು ತೆಳುವಾದ ಬಲೆ ಕಟ್ಟುತ್ತಿದ್ದೆವು. ಸಿಕ್ಕವನ್ನು ಅಳೆದು, ತೂಗಿ, ಗುರುತು ಬರೆದುಕೊಂಡು ಬಿಡುತ್ತಿದ್ದೆವು. ಹಣ್ಣು ತಿನ್ನುವವು ನಾಯಿಮರಿಯ ಮುಖದವು. ಹುಳ ತಿನ್ನುವವುಗಳ ಮೂಗಿನ ಮೇಲೆ ಮಡಚಿದ ಎಲೆಯಂಥ ತೊಗಲು. ಹೊಲದಲ್ಲಿ ಸಿಕ್ಕದ ಎಷ್ಟೋ ಬಗೆ ಅಲ್ಲಿ ಸಿಕ್ಕವು. ನಾವು ಕುಣಿದಾಡುವುದೊಂದು ಬಾಕಿ.

ಅಲ್ಲೊಂದು ಕೆಂಪುಕಲ್ಲಿನ ಗವಿ ಇತ್ತು. ಒಳಗೆ ದೊಡ್ಡ ಬಿಡಾರವಿದೆ ಎಂದು ವಾಸನೆಯೇ ಹೇಳುತ್ತಿತ್ತು. ಯಲ್ಲಪ್ಪ ರೂಢಿಯಂತೆ ಕಂದೀಲು ಹಚ್ಚಿಕೊಂಡು ಹೊಕ್ಕ. ಹೊಗೆಗೆ, ಬೆಳಕಿಗೆ ಬಾವಲಿಗಳೆಲ್ಲ ಎದ್ದು ಬುಸುಬುಸು ಹೊರಗೆ ನುಗ್ಗಿದವು. ಎಣಿಸುವುದು ಎಲ್ಲಿ ಬಂತು, ಮುಖ ಮುಚ್ಚಿಕೊಂಡು ಕೂತೆವು. ಮರುದಿನ ಅವನು ಮತ್ತೆ ಕಂದೀಲು ಹಚ್ಚಲು ಹೋದಾಗ ಸರ್ ತಡೆದರು.

"ಕಂದೀಲು ಬ್ಯಾಡೋ ಯಲ್ಲಪ್ಪಾ. ಬ್ಯಾಟರಿ ತಗೊಂಡು ಹೋಗು."

"ಗಾಳಿ ಹ್ಯಾಂಗ ತಿಳೀಬೇಕ್ರಿ?"

"ಬಾವಲಿ ಅದಾವಿಲ್ಲೋ? ಅವೂ ನಮ್ಹಂಗ ಉಸಿರಾಡ್ತಾವ. ಬಾವಲಿ ಇದ್ದಲ್ಲಿ ಗಾಳಿ ಇರ್ತದ."

ಯಲ್ಲಪ್ಪ ಬಾಯಿ ತೆರೆದು ನಿಂತ. ಆಮೇಲೆ ತೊಡೆ ತಟ್ಟಿಕೊಂಡು ನಕ್ಕ. ಮನೆತನದವರಿಗೆ ಇಷ್ಟು ಕಾಲ ಯಾರೂ ಹೇಳದ ಗುಟ್ಟು ತನಗೊಬ್ಬನಿಗೆ ಸಿಕ್ಕಿತು ಎಂಬ ಖುಷಿ ಅವನ ಮುಖದಲ್ಲಿತ್ತು. ಆ ಗವಿಗೆ ಎರಡು ಬಾಯಿ, ಒಳಗೆ ಗಾಳಿ ಆಡುತ್ತಿತ್ತು. ಸರ್ ಹೇಳಿದ್ದು ಅಲ್ಲಿ ಸುಳ್ಳಾಗಿರಲಿಲ್ಲ. ಆ ಮಾತು ಕೇಳಿದಾಗ ನನ್ನ ಮನಸ್ಸಿಗೂ ಏನೂ ಹೊಳೆಯಲಿಲ್ಲ, ಮಳೆ ಯಾವಾಗ ನಿಂತೀತು ಎನ್ನುವುದೇ ಆ ಹೊತ್ತಿನ ಚಿಂತೆ.

ಹಿಂಗಾರಿ ಬಿತ್ತನೆಯ ಹೊತ್ತಿಗೆ ಗುಡಗೇರಿಗೆ ಮರಳಿದೆವು. ಕಂದೀಲು ಮೊಳೆಯಲ್ಲೇ ಉಳಿಯಿತು. ಯಲ್ಲಪ್ಪ ಈಗ ಪಾಳು ಹಗೇವುಗಳಿಗೆ ಬ್ಯಾಟರಿ ಹಿಡಿದೇ ಇಳಿಯತೊಡಗಿದ. ಸಂಜೆ ಬಾವಲಿ ಹೊರಬಿದ್ದದ್ದನ್ನು ನೋಡಿ ಗುರುತು ಹಾಕುವುದು, ಮರುದಿನ ಇಳಿಯುವುದು. ಪ್ರತಿ ಸಲವೂ ನಗುತ್ತ ಮೇಲೆ ಬಂದ. ಶಾಂತವ್ವ ರೊಟ್ಟಿ ಬಡಿಸುವಾಗ ಒಮ್ಮೆ ನನ್ನನ್ನು ಕೇಳಿದಳು.

"ಅಕ್ಕೋರ, ನಿಮ್ಮ ಸರ್ ಹೇಳಿದ್ದು ಖರೇ ಏನ್ರಿ?"

"ಗವಿಗಂತೂ ಖರೆ. ಆದರೂ ಕಂದೀಲು ಒಯ್ಯುವುದು ಒಳ್ಳೆಯದು" ಎಂದೆ. ಯಲ್ಲಪ್ಪನಿಗೂ ಹೇಳಿದೆ. "ಹೆಂಗಸರಿಗೆ ಕಂದೀಲಿನ ಮ್ಯಾಲ ಭಾಳ ಪ್ರೀತಿ" ಎಂದು ಅವನು ಮೀಸೆ ತಿರುವಿದ.

ಜೋಳ ಕೊಯ್ಲಿಗೆ ಬಂದಾಗ ಇನ್ನೊಂದು ಘಟನೆ ನಡೆಯಿತು. ಹೊಲ ಮೇಯಿಸಲು ಬಂದ ಕುರಿಗಾರನ ಮರಿಯೊಂದು ಊರ ಹೊರಗಿನ ಪಾಳು ಹಗೇವಿಗೆ ಬಿತ್ತು. ಆಳವೇನೂ ಇರಲಿಲ್ಲ. ಕೊಕ್ಕೆ ಹಾಕಿ ಎತ್ತುವಷ್ಟರಲ್ಲಿ ಸತ್ತಿತ್ತು, ಮೈಮೇಲೆ ಒಂದು ಗೀರಿಲ್ಲ, ಕಣ್ಣು ತೆರೆದೇ ಇತ್ತು. ಕುರಿಗಾರ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಮೂಗಿನೊಳಗೆ ಊದಿದ. ಶಾಂತವ್ವ ನೋಡಿ ಬಂದವಳೇ ಗಂಡನ ಮುಂದೆ ಕೂತು ಅತ್ತಳು. ಅವನು ಅದಕ್ಕೂ ಉತ್ತರ ಇಟ್ಟುಕೊಂಡಿದ್ದ.

"ಆ ಹಗೇವಿನ್ಯಾಗ ಬಾವಲಿ ಎಲ್ಲಿದ್ದೂ? ಒಂದೂ ಇದ್ದಿಲ್ಲ. ಅದಕ್ಕ ಸತ್ತೈತಿ. ಸರ್ ಮಾತು ಇನ್ನೂ ಖರೇ ಆತು."

ಸತ್ತ ಮರಿಯೂ ಅವನ ಪಾಲಿಗೆ ಸಾಕ್ಷಿಯಾಯಿತು. ಅವತ್ತಿನಿಂದ ನನಗೆ ಆ ಊರಿನ ನೆಲದ ಮೇಲೆ ನಡೆಯುವುದೇ ಹೆದರಿಕೆಯಾಯಿತು. ಎಲ್ಲಿ ಕಾಲಿಟ್ಟರೂ ಕೆಳಗೆ ಟೊಳ್ಳು ಇರಬಹುದು ಅನಿಸುತ್ತಿತ್ತು.

ಬೇಸಿಗೆಯಲ್ಲಿ, ಸುಡುಬಿಸಿಲಿನ ನಡುವೆ, ಅಡ್ಡಮಳೆ ಸುರಿಯಿತು. ಎರೆಯ ಬಿರುಕುಗಳೆಲ್ಲ ನೀರು ಕುಡಿದು ಮುಚ್ಚಿಕೊಂಡವು. ಊರು ಬಿಟ್ಟುಹೋದ ದೊಡ್ಡ ಮನೆತನವೊಂದರ ಪಾಳು ವಾಡೆಯ ಹಿತ್ತಲಲ್ಲಿ ಒಂದು ಹಗೇವಿತ್ತು. ಅದರ ಬಿರಿದ ಚಪ್ಪಡಿಯಿಂದ ಸಂಜೆ ಹೊರಬೀಳುವ ಬಾವಲಿಗಳು ದೇವಿಕೊಪ್ಪದಲ್ಲಿ ಕಂಡ ಎಲೆಮೂಗಿನವೇ ಎಂದು ಸರ್‌ಗೆ ಅನುಮಾನ. ಕಾಡಿನ ಜಾತಿ ಹೊಲದಡಿಯಲ್ಲೂ ಬಾಳುತ್ತದೆ ಎಂದಾದರೆ ಇಡೀ ವರ್ಷದ ಕೆಲಸಕ್ಕೆ ಅದೇ ಕಳಸ. ಒಂದನ್ನು ಕೈಯಲ್ಲಿ ಹಿಡಿದು ನೋಡಬೇಕೆಂದು ಹೇಳಿ ಸರ್ ಧಾರವಾಡಕ್ಕೆ ಹೋಗಿದ್ದರು. ಹಗೇವು ಖಾಲಿ ಎಂದು ಊರವರೆಲ್ಲ ಹೇಳಿದರು. ಬಿಟ್ಟುಹೋದವರು ತಳದಲ್ಲಿ ಹಳೆಯ ಜೋಳ ಉಳಿಸಿ ಹೋದದ್ದು, ಅದಕ್ಕೆ ಮಳೆನೀರು ಇಳಿದು ಕೊಳೆಯುತ್ತಿದ್ದದ್ದು ಯಾರಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ಯಲ್ಲಪ್ಪ, ಮಾರುತಿ, ನಾನು ಹೋದೆವು. ಚಪ್ಪಡಿ ಸರಿಸಿದಾಗ ಹುಳಿ ವಾಸನೆ ಬಂತು.

"ಯಲ್ಲಪ್ಪಾ, ಇವತ್ತು ಬ್ಯಾಡ. ಕಂದೀಲು ತರಿಸೋಣು" ಎಂದೆ.

ಅವನು ಬಗ್ಗಿ ಬ್ಯಾಟರಿ ಬಿಟ್ಟ. ಹಗೇವಿನ ಕುತ್ತಿಗೆಯ ಹತ್ತಿರವೇ ಗೋಡೆಗೆ ಜೋತುಬಿದ್ದಿದ್ದ ಒಂದಿಷ್ಟು ಬಾವಲಿ ಪಟಪಟ ಎದ್ದು ಅವನ ಮುಖ ಸವರಿಕೊಂಡು ಹಾರಿದವು.

"ನೋಡ್ರಿಲ್ಲೆ! ಜೀವಂತ ಕಂದೀಲು. ಸರ್ ಬರೂದ್ರಾಗ ಒಂದು ಹಿಡದ ಕೈಯಾಗ ಕೊಡ್ತೀನಿ."

ನಾನು ಇನ್ನೊಮ್ಮೆ ಬೇಡವೆನ್ನುವಷ್ಟರಲ್ಲಿ ಸೊಂಟಕ್ಕೆ ಹಗ್ಗ ಬಿಗಿದು ಇಳಿದೇಬಿಟ್ಟ. ಎದ್ದವು ಬಾಯಿಯ ಹತ್ತಿರದವು. ಹಾರದೆ ಉಳಿದ ಒಂದೆರಡನ್ನು ತಳಕ್ಕೆ ಅಟ್ಟಿಕೊಂಡೇ ಅವನು ಇಳಿದ. ಕೆಟ್ಟ ಗಾಳಿ ಭಾರ, ಅದು ಕೂರುವುದು ತಳದಲ್ಲಿ.

"ಅದೀ ಏನೋ ಅಣ್ಣಾ?"

"ಅದೀನಿ."

"ಅದೀ ಏನ?"

"ಅದೀನಿ. ಹಗ್ಗ ಬಿಚ್ಚೀನಿ ನೋಡು, ಮೂಲ್ಯಾಗ ಒಂದು ಕುಂತೈತಿ."

ಬೇರೆ ಮಾತು ಆಡಬಾರದಿತ್ತು. ಹಗ್ಗ ಬಿಚ್ಚಬಾರದಿತ್ತು. ಮಾರುತಿಯ ಕೈಯಲ್ಲಿ ಹಗ್ಗ ಸಡಿಲಾದದ್ದನ್ನು ನಾನು ಕಂಡೆ. ಅದೇ ಹೊತ್ತಿಗೆ ವಾಡೆಯ ಬಿದ್ದ ಗೋಡೆ ದಾಟಿ ಶಾಂತವ್ವ ಬರುತ್ತಿದ್ದಳು. ತಲೆಯ ಮೇಲೆ ಬುತ್ತಿ, ಕೈಯಲ್ಲಿ ಮೊಳೆಯಿಂದ ತೆಗೆದ ಕಂದೀಲು. ಮಳೆ ಬಿದ್ದ ಮೇಲೆ ಹಗೇವು ಇಳಿಯುತ್ತಾನೆಂದು ಗೊತ್ತಾಗಿ ಓಡುತ್ತ ಬಂದಿದ್ದಳು.

"ಅದೀ ಏನ?" ಮಾರುತಿ ಕೂಗಿದ.

"ಅದೀ..."

ಅಷ್ಟೇ. ಕೊನೆಯ ಅಕ್ಷರ ಬರಲಿಲ್ಲ. ಮೆತ್ತಗಿನದರ ಮೇಲೆ ಏನೋ ಬಿದ್ದ ಸದ್ದು. ಮಾರುತಿ ಇನ್ನೆರಡು ಸಲ ಕೂಗಿದ, ಮೂರನೆಯದಕ್ಕೆ ಅವನ ದನಿ ಒಡೆಯಿತು. ಬಗ್ಗಿ ನೋಡಿದರೆ ತಳದಲ್ಲಿ ಬ್ಯಾಟರಿ ಮಾತ್ರ ಸ್ವಚ್ಛವಾಗಿ ಉರಿಯುತ್ತಿತ್ತು. ಅದಕ್ಕೆ ಗಾಳಿ ಬೇಕಾಗಿಲ್ಲ. ಆ ಬೆಳಕಿನಲ್ಲಿ ಯಲ್ಲಪ್ಪನ ಒಂದು ಅಂಗೈ ಕಂಡಿತು.

ಮಾರುತಿ ರುಮಾಲು ಬಿಸಾಕಿ ಎರಡೂ ಕಾಲು ಒಳಗೆ ಇಳಿಬಿಟ್ಟ. ಶಾಂತವ್ವನ ಬುತ್ತಿ ಎಲ್ಲಿ ಬಿತ್ತೋ, ಅವಳು ಹಿಂದಿನಿಂದ ಅವನ ಸೊಂಟ ತಬ್ಬಿ ಎಳೆದಳು. ಇಬ್ಬರೂ ಕೆಸರಿನಲ್ಲಿ ಉರುಳಿದರು. ಅವನು ಒದ್ದ, ಕಪಾಳಕ್ಕೆ ಹೊಡೆದ. "ಬಿಡಬೇ ಅತ್ತಿಗೀ! ಅಣ್ಣ ಸಾಯಾಕತ್ತಾನ, ಬಿಡಬೇ!" ಅವಳು ಬಿಡಲಿಲ್ಲ. ಅವನ ಕಾಲುಗಳನ್ನು ಎದೆಗೆ ಒತ್ತಿ ಹಿಡಿದು, ಹಗೇವಿನ ಬಾಯಿಗೆ ಅಡ್ಡ ಬಿದ್ದು, "ಅಕ್ಕೋರ, ಕಂದೀಲು ಹಚ್ಚಿ ಬಿಡ್ರಿ ಒಳಗ!" ಎಂದು ಕಿರುಚಿದಳು.

ಗೀರಿದ ಕಡ್ಡಿಗಳು ಮುರಿದವು. ಹೇಗೋ ಹಚ್ಚಿ, ಖಾಲಿ ಹಗ್ಗ ಮೇಲೆಳೆದು ಅದಕ್ಕೆ ಕಟ್ಟಿ, ಅವಳ ಭುಜದ ಪಕ್ಕದಿಂದ ಇಳಿಬಿಟ್ಟೆ. ಕುತ್ತಿಗೆ ದಾಟುವವರೆಗೆ ಉರಿ ನೆಟ್ಟಗಿತ್ತು. ಇನ್ನೊಂದಿಷ್ಟು ಕೆಳಗೆ ಹೋದದ್ದೇ ಕೆಂಪಗಾಯಿತು, ಬತ್ತಿಗಂಟಿಕೊಂಡು ಸಣ್ಣದಾಯಿತು, ನಂದಿತು. ಮಾರುತಿ ಅದನ್ನು ನೋಡಿದ. ಅವನ ಮೈ ಸಡಿಲಾಯಿತು. ಹಗೇವು ಇಳಿಯುವ ಮನೆತನದವನಿಗೆ ಅದಕ್ಕಿಂತ ಹೆಚ್ಚು ಯಾರೂ ಏನೂ ಹೇಳಬೇಕಾಗಿರಲಿಲ್ಲ.

ಆಗ ಶಾಂತವ್ವ ಹಗೇವಿನ ಬಾಯೊಳಗೆ ಮುಖವಿಟ್ಟು, "ಯಲ್ಲಪ್ಪಾ!" ಎಂದು ಕೂಗಿದಳು. ಹಬ್ಬ ಮದುವೆಗಳಲ್ಲಿ ಗಂಡನ ಹೆಸರು ಸೇರಿಸಿ ಒಡಪು ಹೇಳುವಾಗ ಬಿಟ್ಟರೆ ಅವಳು ಆ ಹೆಸರು ಬಾಯಿಂದ ಆಡಿದ್ದನ್ನು ನಾನು ಕೇಳಿರಲಿಲ್ಲ. ಕೂಗುತ್ತಲೇ ಇದ್ದಳು. ಒಳಗಿನಿಂದ ಅವಳ ದನಿಯೇ ತಿರುಗಿ ಬರುತ್ತಿತ್ತು.

ಮಂದಿ ಕೂಡಿದರು. ಕಂಬಳಿ ಕಟ್ಟಿ ಮೇಲೆ ಕೆಳಗೆ ಆಡಿಸಿ ಗಾಳಿ ಹಾಕಿದರು. ಕೊನೆಗೆ ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯನ್ನೇ ಬಿಟ್ಟು, ಅವನ ಧೋತರಕ್ಕೆ, ಅಂಗಿಗೆ ಸಿಕ್ಕಿಸಿ ಎತ್ತಿದರು. ಬಾಯಿ ಸಣ್ಣದು, ಭುಜ ಸಿಕ್ಕಿಕೊಂಡಿತು. ಹಾರೆಯಿಂದ ಅಂಚು ಒಡೆದು ಹೊರಗೆ ತಂದರು. ಮೈಮೇಲೆ ಒಂದು ಗೀರಿಲ್ಲ. ಮುಷ್ಟಿ ಬಿಡಿಸಿದಾಗ ಒಳಗೊಂದು ಬಾವಲಿ ಇತ್ತು, ಅದೂ ಸತ್ತಿತ್ತು. ಎಲೆಮೂಗಿನದೇ. ಅದನ್ನು ನೋಡಿದ್ದು ನಾನೊಬ್ಬಳೇ ಇರಬೇಕು, ನೋಡಿದ ತಕ್ಷಣ ಕಿತ್ತು ಬಿಸಾಕಿದೆ.

ಸಂಜೆ ಸರ್ ಬಂದರು. ಅಂಗಳದಲ್ಲಿ ಮಲಗಿಸಿದ್ದ ಹೆಣದ ಮುಂದೆ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತರು. ಯಾರೂ ಅವರನ್ನು ಏನೂ ಕೇಳಿರಲಿಲ್ಲ. ಅವರೇ ಮೆಲ್ಲಗೆ, "ನಾ ಗವಿಗೆ ಹೇಳಿದ್ದೆ. ಹಗೇವಿಗೆ ಹೇಳಿರಲಿಲ್ಲ" ಎಂದರು. ಅವರು ಕೆಟ್ಟವರಲ್ಲ. ಆದರೆ ಆ ಮಾತಿಗೆ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಊರವರು ಆ ಹಗೇವಿಗೆ ಮಣ್ಣು ತುಂಬಿಸಿದರು. ಊರ ಮಾತು ಎರಡು ಪಾಲಾಯಿತು. ಶಾಂತವ್ವ ಒಂದು ಜೀವ ಉಳಿಸಿದಳು ಎಂದು ಕೆಲವರು. ಗಂಡ ಒಳಗೆ ಬಿದ್ದಿರುವಾಗ ಮೈದುನನನ್ನು ತಬ್ಬಿಕೊಂಡು ಕೂತಳು ಎಂದು ಕೆಲವರು. ದುರಗವ್ವ ಹಾಸಿಗೆ ಹಿಡಿದಳು. ಮಲಗಿದಲ್ಲಿಂದಲೇ, "ಬಾಜು ಮನಿ ಬೆಕ್ಕು ಬಿದ್ರೂ ಮಂದಿ ಹಗ್ಗ ಬಿಡ್ತಾರ. ನನ್ನ ಮಗನ್ನ ಹೊರಗ ತರಾಕ ಹೋದವನ ಕಾಲು ಹಿಡದ್ಲು ಈಕಿ" ಎಂದು ದಿನಾ ಬೈಯುತ್ತಿದ್ದಳು. ಮಾರುತಿಯ ಲಗ್ನ ಮುಂದೆ ಹೋಯಿತು. ಅವನು ಅತ್ತಿಗೆಯ ಮುಖ ನೋಡುತ್ತಿರಲಿಲ್ಲ. ಶಾಂತವ್ವ ಯಾರಿಗೂ ಎದುರು ಮಾತಾಡಲಿಲ್ಲ.

ಮತ್ತೆ ಮಳೆಗಾಲ ಬರುವ ಹೊತ್ತಿಗೆ ನಮ್ಮ ಕೆಲಸ ಮುಗಿಯಿತು. ಹೋಗುವ ಮುನ್ನ ಅವಳ ಮನೆಗೆ ಹೋದೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ, ಬಾಯಿಗೆ ಬಂದದ್ದು ಎಲ್ಲರೂ ಹೇಳುವುದೇ.

"ಶಾಂತವ್ವಾ, ಯಾರು ಏನರೆ ಅನ್ಲಿ. ನೀ ಮಾರುತಿ ಜೀವ ಉಳಿಸೀದಿ."

ಅವಳು ರೊಟ್ಟಿ ಹೆಂಚಿಗೆ ಹಾಕಿ, ನೀರು ಸವರಿ, ಅದು ಒಣಗಿದ ಮೇಲೆ ತಿರುವಿ ಹಾಕಿದಳು.

"ಅವನ್ನ ಉಳಿಸಾಕಂತ ಹಿಡಕೊಂಡಿಲ್ರಿ ಅಕ್ಕೋರ. ನಾನ ಜಿಗ್ಯಾಕ ಹೊಂಟಿದ್ದೆ. ಅವ ನಡುವ ಬಂದ. ನನ್ನ ನಾ ಹಿಡಕೊಳ್ಳಾಕ ಕೈಗೆ ಏನರೆ ಬೇಕಾಗಿತ್ತು, ಅವನ ಕಾಲು ಸಿಕ್ಕೂ."

ಇದನ್ನು ಅತ್ತೆಗೆ ಹೇಳಬಾರದೇ, ಆ ಬೈಗುಳವಾದರೂ ನಿಂತೀತು ಎಂದೆ. ಶಾಂತವ್ವ ತಲೆ ಅಲ್ಲಾಡಿಸಿದಳು.

"ಹೇಳಬ್ಯಾಡ್ರಿ. ಉಣ್ಣಂಗಿಲ್ಲ, ಏಳಂಗಿಲ್ಲ. ನನಗ ಬೈಯಾಕರೆ ಮುದುಕಿ ಎದ್ದು ಕುಂದರ್ತಾಳ."

ಬಿಸಿ ರೊಟ್ಟಿ ಮುರಿದು, ಬಟ್ಟಲಲ್ಲಿ ಹಾಲಿಗೆ ನೆನೆಹಾಕಿ, ಅವಳು ಒಳಗಿನ ಕೋಣೆಗೆ ಹೋದಳು. ಹಾಸಿಗೆ ಸರಿದ ಸದ್ದು ಕೇಳಿತು, ಆಮೇಲೆ ಬೈಗುಳ ಶುರುವಾಯಿತು.